ಆರನೇ ರೀಲಿನ ಹೊಟ್ಟೆಕಿಚ್ಚು

ಭಾನುವಾರ, ಬೆಳಗ್ಗೆ ಐದೂಕಾಲು. ಸ್ಯಾನ್ ಹೊಸೆಯ ಹಳೇ ಪೇಟೆ ಕಡೆ ಒಂದು ಪುಟ್ಟ ಟಾಕೀಸು, ಅದರ ನೆತ್ತಿ ಮೇಲೆ ಪಾರಿವಾಳದ ಗೂಡಿನಂಥ ಕ್ಯಾಬಿನ್ನು. ಐವತ್ತೈದು ವರ್ಷದ ಕಮರುದ್ದೀನ್ ಸಾಹೇಬರು ಬಿಳೀ ಹತ್ತಿಯ ಗ್ಲೌಸು ಹಾಕ್ಕೊಂಡು, ಪರಸ್ತ್ರೀಯೊಬ್ಬಳ ಮುಖಾನ ಬಲ್ಬಿನ ಬೆಳಕಿಗೆ ಹಿಡಿದು ದಿಟ್ಟಿಸಿ ನೋಡ್ತಿದಾರೆ. ಹೆಂಗಸಿನ ಅಗಲ ಒಂದಂಗುಲ. ಎತ್ತರ ಮುಕ್ಕಾಲಂಗುಲ. ವಯಸ್ಸು, ಬದುಕಿದ್ರೆ, ನೂರರ ಹತ್ತಿರ.

‘ಇಲ್ನೋಡಿ ಸಾರ್, ಕೆನ್ನೆ ಮೇಲೆ ಗೀರು. ಹದಿನೈದು ದಿನದ ಕೆಳಗೆ ಇದು ಇರ್ಲಿಲ್ಲ. ನನ್ನಿಂದಾನೇ ಬಿದ್ದಿದ್ದು,’ ಅಂತ ಅವರ ಕೆಲಸ ನೋಡೋಕೆ ಬಂದ ನನಗೆ ತೋರಿಸ್ತಾರೆ. ಹೇಳಿ ಆ ಕಡೆ ತಿರುಗಿ, ಫಿಲ್ಮಿನ ಅಂಚಿನ ಮೇಲೆ ಹೆಬ್ಬೆರಳು ಓಡಿಸ್ತಾರೆ. ಅಂಚಿನುದ್ದಕ್ಕೂ ಸಾಲು ತೂತು. ಪ್ರೊಜೆಕ್ಟರ್ ಮಷಿನ್ನಿನ ಹಲ್ಲು ಕೂರೋದು ಆ ತೂತಿನಲ್ಲೇ. ಒಂದು ತೂತು ಹರಿದರೆ ಪಕ್ಕದ್ದೂ ಹರಿಯುತ್ತೆ, ಪಕ್ಕದ್ದರ ಪಕ್ಕದ್ದೂ ಹರಿಯುತ್ತೆ, ಆಮೇಲೆ ಇಡೀ ಪಿಕ್ಚರು ನೆಲದ ಮೇಲೆ ಶಾವಿಗೆ. ಹರಿದ ಕಡೆ ಬೆರಳು ನಿಲ್ಲುತ್ತೆ. ಚಿಮಟದಲ್ಲಿ ಒಂದು ಚೂರು ಟೇಪು, ಉಸಿರು ಬಿಗಿಹಿಡಿದು ಒಂದು ಒತ್ತು. ಹದಿನಾಲ್ಕು ತಿಂಗಳಲ್ಲಿ ಇಂಥ ಎರಡು ಸಾವಿರದ ನೂರ ನಲವತ್ತು ತೂತು ಕಟ್ಟಿದಾರೆ. ಈ ಟಾಕೀಸು ನಡೆಸೋ ಸಂಘದ ಅಧ್ಯಕ್ಷರು ರಿಟೈರಾದ ಹಲ್ಲಿನ ಡಾಕ್ಟರು. ‘ಅವರು ಸರ್ವೀಸಲ್ಲಿ ಕಟ್ಟಿದ್ದಕ್ಕಿಂತ ಜಾಸ್ತಿ ನಾನು ಕಟ್ಟಿದೀನಿ,’ ಅಂತ ಕಮರುದ್ದೀನ್ ನಗ್ತಾರೆ.

ಇವತ್ತು ಹತ್ತು ಗಂಟೆಗೆ ಶೋ. ಅದು ಮುಗಿದ ಮೇಲೆ ಸಂಘದ ಕಮಿಟಿಯವರು ನಾಲ್ಕು ಜನ ಕೂತು, ಈ ಪಿಕ್ಚರಿಗೆ ಹೊಸ ಕಾಪಿ ತೆಗೆಸಬೇಕಾ ಬೇಡವಾ ಅಂತ ತೀರ್ಮಾನ ಮಾಡ್ತಾರೆ. ಪ್ರಪಂಚದಲ್ಲಿ ಇದರದ್ದು ಉಳಿದಿರೋದು ಇದೊಂದೇ ಕಾಪಿ. ಒಂದೊಂದು ಸಲ ಓಡಿದಾಗಲೂ ಒಂದಿಷ್ಟು ಸಾಯುತ್ತೆ. ಇವತ್ತು ಓಡಿದ ಮೇಲೆ ಇನ್ನೊಂದು ಸಲ ಓಡೋ ತ್ರಾಣ ಅದಕ್ಕಿಲ್ಲ. ಬೇಡ ಅಂದ್ರೋ, ಏಳು ರೀಲಿನ ಏಳೂ ಡಬ್ಬಿಗೆ ಮುಚ್ಚಳ ಹಾಕಿ ತಣ್ಣಗಿನ ರೂಮಿಗೆ ಸೇರಿಸ್ತಾರೆ. ಅಲ್ಲೇ ಹುಳಿಯಾಗಿ, ಪುಡಿಯಾಗಿ, ಕತೆ ಖತಂ.

ಈಗ ಈ ಕಂಪ್ಯೂಟರ್ ಕಣಿವೆಯಲ್ಲಿ ಎಲ್ಲರ ಬಾಯಲ್ಲೂ ಆಪರೇಟಿಂಗ್ ಸಿಸ್ಟಮ್ಮು. ಬರೀ ಆಪರೇಟರ್ ಅಂತ ಉಳಿದಿರೋದು ಇವರೊಬ್ಬರೇ ಇರಬೇಕು. ಎಲ್ಲರ ಹತ್ರಾನೂ ಕಂಪನಿ ಸ್ಟಾಕು. ಇವರ ಹತ್ರ ಇರೋ ಸ್ಟಾಕು ಏಳು ಡಬ್ಬಿ ಫಿಲ್ಮು, ಅದೂ ಉಪ್ಪಿನಕಾಯಿ ಜಾಡಿ ತರ ಘಮ್ ಅನ್ನುತ್ತೆ. ಊರಿಗೂರೇ ಡಾಟ್ ಕಾಮ್. ಇವರದು ಡಾಟ್ ಇಲ್ಲದ ಕಾಮ್. ಇವರ ಮನೆಮಾತಲ್ಲಿ ಕಾಮ್ ಅಂದ್ರೆ ಕೆಲಸ.

ಪಿಕ್ಚರಿನ ಹೆಸರೇನು? ಯಾರಿಗೂ ಗೊತ್ತಿಲ್ಲ. ಮೊದಲನೇ ರೀಲಿನ ತಲೆ ಹಾರಿಹೋಗಿದೆ. ಹೆಸರೂ ಹೋಯ್ತು, ಹೀರೋ ಹೀರೋಯಿನ್ನು ಯಾರು ಅನ್ನೋದೂ ಹೋಯ್ತು. ಬಂದರಿನ ಪಕ್ಕ ಒಂದು ಹಳೇ ಗೋಡೌನ್ ಒಡೆದು ಯಾವುದೋ ಡಾಟ್ ಕಾಮ್ ಆಫೀಸು ಕಟ್ಟುವಾಗ ಗೋಡೆ ಸಂದಿಯಲ್ಲಿ ಡಬ್ಬಿಗಳು ಸಿಕ್ಕಿದ್ದು. ಮೂಕಿ ಕಾಲದ್ದು, ಇಪ್ಪತ್ತರ ದಶಕದ್ದು. ಸಂಘದವರು ಇದನ್ನ ‘ಹಡಗಿನವನ ಪಿಕ್ಚರು’ ಅಂತ ಕರೀತಾರೆ.

ಕತೆ ಹೀಗಿದೆ. ಹಡಗಿನ ಆಳು ಒಬ್ಬ ನಾಲ್ಕು ದಿನ ರಜೆ ಮೇಲೆ ದಡಕ್ಕಿಳೀತಾನೆ. ಸೋಮವಾರ ಬಂದರಿನಲ್ಲಿ ಕಾಫಿ ಮಾರೋ ಹುಡುಗೀನ ನೋಡ್ತಾನೆ. ಮಂಗಳವಾರ ಕುಣೀತಾನೆ. ಬುಧವಾರ ಮದುವೇನೇ ಆಗಿಬಿಡ್ತಾನೆ. ಗುರುವಾರ ಬೆಳಗ್ಗೆ ಅವಳ ಬೀರು ಬಾಗಿಲು ತೆಗೆದರೆ, ಯಾವುದೋ ಗಂಡಸು ತಂಬಾಕು ಸೇದಿದ ಪೈಪು, ಚುಂಗಾಣಿ! ಯಾರದ್ದು ಅಂತ ಕೇಳೋ ವ್ಯವಧಾನ ಇಲ್ಲ ಮಹರಾಯನಿಗೆ. ಹೊಟ್ಟೆಕಿಚ್ಚು ಹಡಗು ಹತ್ತಿಸುತ್ತೆ. ಅವಳು ಕಟ್ಟೆ ಉದ್ದಕ್ಕೂ ಹಡಗಿನ ಹಿಂದೆ ಓಡ್ತಾಳೆ, ಬಾಯಿ ತೆಗೆದು ಏನೋ ಕೂಗ್ತಾಳೆ. ಅದು ಆರನೇ ರೀಲು. ಚುಂಗಾಣಿ ನೀರಿನಲ್ಲಿ ಮುಳುಗಿ ಸತ್ತ ಅವಳಪ್ಪಂದು ಅಂತ ಗೊತ್ತಾಗೋದು ಏಳನೇ ರೀಲಿಗೆ, ಎರಡು ವರ್ಷ ಆದ ಮೇಲೆ.

ಕಮರುದ್ದೀನ್ ಹುಟ್ಟಿದ್ದು ಬೆಂಗಳೂರಿನ ಶಿವಾಜಿನಗರ. ಹದಿನೇಳನೇ ವಯಸ್ಸಿಗೆ ಟಾಕೀಸಿನ ಕ್ಯಾಬಿನ್ ಸೇರಿದ್ರು. ಕಾರ್ಬನ್ ಕಡ್ಡಿ ಉರಿಸಿ ಬೆಳಕು ಮಾಡ್ತಿದ್ದ ಕಾಲ. ಕಡ್ಡಿ ಹೊಗೆ ಕುಡಿದು ಕುಡಿದು ಇವತ್ತಿಗೂ ಬೆಳಗಿನ ಹೊತ್ತು ಒಣಕೆಮ್ಮು. ಎರಡು ಟಾಕೀಸಿಗೆ ಒಂದೇ ಪ್ರಿಂಟು ಬಂದಾಗ ಮುಗಿದ ರೀಲನ್ನ ಸೈಕಲ್ ಮೇಲೆ ಆ ಟಾಕೀಸಿಗೆ ಅಟ್ಟಬೇಕಿತ್ತು. ಸೈಕಲ್ ಪಂಕ್ಚರಾದ್ರೆ ಹೀರೋ ಅಲ್ಲೇ ಅರ್ಧ ಸತ್ತು ಮಲಗಿರ್ತಿದ್ದ. ‘ಆಗ ಜನ ಹಿಂದೆ ತಿರುಗಿ ನಮ್ಮ ಕಿಟಕಿ ನೋಡೋರು. ನಮ್ಮಪ್ಪ ನಮ್ಮಮ್ಮನ್ನೂ ಸೇರಿಸಿ ನೆನೆಸ್ಕೊಳ್ಳೋರು. ಆಪರೇಟರ್ ಅಂತ ಒಬ್ಬ ಇದಾನೆ ಅನ್ನೋದು ಜನಕ್ಕೆ ಗೊತ್ತಾಗೋದು ರೀಲು ಕಡಿದಾಗ ಮಾತ್ರ ಸಾರ್.’

ಹೆಂಡತಿಯ ಅಣ್ಣ ಅಬ್ರಾರ್ ಇಲ್ಲೇ ಹತ್ತಿರದ ಯೂನಿಯನ್ ಸಿಟಿಯಲ್ಲಿ ಗ್ರೋಸರಿ ಅಂಗಡಿ ಇಟ್ಟಿದಾರೆ. ಅವರು ಕರೆಸಿಕೊಂಡು ಹದಿಮೂರು ವರ್ಷ ಆಯ್ತು. ಈಗಲೂ ಹಗಲು ಹತ್ತರಿಂದ ಏಳರ ತನಕ ಆ ಅಂಗಡಿಯ ಮಾಂಸದ ಕೌಂಟರಲ್ಲಿ ನಿಂತಿರ್ತಾರೆ. ನಡುವೆ ಆರು ವರ್ಷ ಒಂದು ಮಲ್ಟಿಪ್ಲೆಕ್ಸಲ್ಲಿ ಆಪರೇಟರ್ ಕೆಲಸವೂ ಆಯ್ತು. ಹತ್ತು ಸ್ಕ್ರೀನಿಗೆ ಒಬ್ಬನೇ ಸಾಕು, ಬಟನ್ ಒತ್ತಿದ್ರೆ ಆಯ್ತು ಅನ್ನೋ ಕಾಲ ಬಂದಾಗ ಅಲ್ಲಿಂದ ಕಳಚಿಕೊಂಡ್ರು. ಈ ಸಂಘದವರಿಗೆ ರೀಲು ಕೈಯಲ್ಲಿ ಮುಟ್ಟಿ ಗೊತ್ತಿರೋರು ಬೇಕಿತ್ತು. ವಾರದಲ್ಲಿ ಆರು ದಿನ ನಾಲ್ಕೂವರೆಗೆ ಎದ್ದು, ಹಳೇ ಕಾರಲ್ಲಿ ಫ್ರೀವೇ ಹಿಡಿದು ಬಂದು, ಐದರಿಂದ ಒಂಬತ್ತರ ತನಕ ಇಲ್ಲಿ ಫಿಲ್ಮು ಹೊಲೀತಾರೆ. ಆಮೇಲೆ ಕೈ ತೊಳ್ಕೊಂಡು ಮಟನ್ ಕತ್ತರಿಸೋಕೆ ಹೋಗ್ತಾರೆ. ಬೆಳಗ್ಗೆ ಕೂಡಿಸೋದು, ಮಧ್ಯಾಹ್ನ ಕಡಿಯೋದು.

ಇಲ್ಲಿ ಮೊಟ್ಟಮೊದಲ ಸಲ ಮೂಕಿ ಪಿಕ್ಚರು ಓಡಿಸಿದ ದಿನದ ಕತೆ ಸಂಘದವರು ಇವತ್ತಿಗೂ ಹೇಳಿಕೊಂಡು ನಗ್ತಾರೆ. ಅರ್ಧ ಪಿಕ್ಚರು ಆಯ್ತು ಅಂತ ಕಮರುದ್ದೀನ್ ಕೈ ತಾನಾಗೇ ಹೋಗಿ ಹಾಲಿನ ಲೈಟು ಹಾಕಿಬಿಡ್ತು. ಇಂಟರ್ವಲ್ಲು! ಇವರ ಲೆಕ್ಕದಲ್ಲಿ ಇಂಟರ್ವಲ್ಲು ಇಲ್ಲದ ಪಿಕ್ಚರು ಅಂದ್ರೆ ಹೊಟ್ಟೆ ಇಲ್ಲದ ಮನುಷ್ಯ. ಅಮೆರಿಕದವರಿಗೆ ಏನ್ ಗೊತ್ತು, ಎಲ್ಲೋ ಬೆಂಕಿ ಬಿದ್ದಿದೆ ಅಂದ್ಕೊಂಡು ನೂರಿಪ್ಪತ್ತು ಜನ ಸಾಲಾಗಿ ರಸ್ತೆಗೆ ಹೋಗಿ ನಿಂತ್ರು. ‘ನಾನೂ ಹೋಗಿ ನಿಂತೆ ಸಾರ್. ಯಾಕ್ ನಿಂತಿದೀವಿ ಅಂತ ನಾನೇ ಕೇಳ್ದೆ.’

ಮನೆಯಲ್ಲಿ ಜಹೀದಾ ಬೇಗಂ ಇದಾರೆ. ಗದಗಿನವರು. ಗಂಡ ಹೆಂಡತಿ ಪ್ರೀತಿ ಮಾಡೋದು ಉರ್ದುವಿನಲ್ಲಿ, ಜಗಳ ಆಡೋದು ಕನ್ನಡದಲ್ಲಿ. ಹದಿನಾಲ್ಕು ತಿಂಗಳಿಂದ ಕನ್ನಡವೇ ಜಾಸ್ತಿ ನಡೀತಿದೆ.

‘ನೀವ ಹೇಳ್ರಿ,’ ಅಂತ ಚಹದ ಕಪ್ಪು ನನ್ನ ಮುಂದಿಟ್ಟು ಅವರು ಶುರು ಮಾಡ್ತಾರೆ. ‘ದಿನಾ ನಸುಕಿನ್ಯಾಗ ಎದ್ದು, ಗಡ್ಡ ಕೆರಕೊಂಡು, ಅತ್ತರ್ ಹಚಕೊಂಡು ಗಂಡ ಹೊಂಟಾನಂದ್ರ ಯಾವ ಹೆಂಡ್ತಿಗೆ ಹೊಟ್ಟಿಕಿಚ್ಚ ಆಗಂಗಿಲ್ಲ? ನನ್ನ ಮದ್ವಿ ದಿನಾನೂ ಅತ್ತರ್ ಹಚ್ಚಿರಲಿಲ್ಲ ಈ ಮನಷ್ಯಾ!’

‘ಹಳೇ ಫಿಲ್ಮು ಕೆಟ್ಟ ಹುಳಿ ವಾಸನೆ ಕಣೆ, ತಡೆಯೋಕಾಗಲ್ಲ, ಅದಕ್ಕೆ ಅತ್ತರು,’ ಅಂತಾರೆ ಕಮರುದ್ದೀನ್.

‘ನಿದ್ದಿಗಣ್ಣಾಗ “ಪಾಪ, ಕೆನ್ನಿ ಹರದೈತಿ” ಅಂದ್ರಿ. ಯಾರ ಕೆನ್ನಿ? ನನ್ನ ಕೆನ್ನಿ ನೆಟ್ಟಗ ಐತೆಲ್ಲ?’

ಸ್ಯಾನ್ ಹೊಸೆಯಲ್ಲಿ ಕಾಲೇಜು ಓದೋ ಮಗಳು ಲೈಬಾ ಸೋಫಾದಿಂದ ತಲೆ ಎತ್ತದೇ, ‘ಅಮ್ಮಿ, ಶಿ ಈಸ್ ಲೈಕ್ ಎ ಹಂಡ್ರೆಡ್ ಇಯರ್ಸ್ ಓಲ್ಡ್!’ ಅಂತಾಳೆ.

‘ನೂರಾದ್ರೇನು? ಫಿಲ್ಮಿನ್ಯಾಗ ಇಪ್ಪತ್ತರಾಕಿನೇ ಅದಾಳಲ್ಲ! ನನಗಷ್ಟ ವಯಸ್ಸಾಗೂದು.’



ಜಹೀದಾ ಹೊಟ್ಟೆಕಿಚ್ಚಿಗೆ ಹೀರೋಯಿನ್ನು ಕಾರಣ. ಕಮರುದ್ದೀನ್ ಹೊಟ್ಟೆಕಿಚ್ಚಿನ ಹೆಸರು ವೆಂಡೆಲ್. ಎಪ್ಪತ್ತೊಂದು ವರ್ಷ, ಬೆಳ್ಳಿ ಕೂದಲು, ಕಪ್ಪು ಕೋಟು. ಸ್ಕ್ರೀನಿನ ಕೆಳಗೆ ಬಲಮೂಲೆಯಲ್ಲಿ ಕೂತು ಆರ್ಗನ್ನು ನುಡಿಸೋರು. ಮೂಕಿ ಪಿಕ್ಚರಿಗೆ ಮಾತಿಲ್ಲ, ಹಿಂದಿನಿಂದ ಯಾರಾದ್ರೂ ಸಂಗೀತ ಕೊಡಲೇಬೇಕು. ಪಿಕ್ಚರು ಮುಗಿದ ತಕ್ಷಣ ಜನ ಎದ್ದು ನಿಂತು ಚಪ್ಪಾಳೆ ತಟ್ಟೋದು ಅವರಿಗೇ. ಅವರು ಮೂರು ಸಲ ಬಾಗ್ತಾರೆ. ‘ಮೂರನೇ ಸಲ ಬಾಗೋದು ಓವರ್ ಆಯ್ತು ಸಾರ್,’ ಅಂತಾರೆ ಕಮರುದ್ದೀನ್.

ಇಲ್ಲಿ ಒಂದು ಗುಟ್ಟು ಗೊತ್ತಿರಬೇಕು. ಈಗಿನ ಪಿಕ್ಚರು ಎಲ್ಲಿ ಹಾಕಿದ್ರೂ ಒಂದೇ ಸ್ಪೀಡಿಗೆ ಓಡುತ್ತೆ. ಮೂಕಿಗೆ ಹಾಗೆ ಕಟ್ಟುಪಾಡಿಲ್ಲ. ಸೆಕೆಂಡಿಗೆ ಹದಿನೆಂಟು ಚಿತ್ರಕ್ಕೆ ಬೇಕಾದ್ರೂ ಓಡಿಸಬಹುದು, ಇಪ್ಪತ್ತಾರಕ್ಕೆ ಬೇಕಾದ್ರೂ ಓಡಿಸಬಹುದು. ಮಷಿನ್ನಿನ ಪಕ್ಕ ಒಂದು ತಿರುಪು ಇರುತ್ತೆ, ತಿರುಗಿಸಿದ್ರೆ ಆಯ್ತು. ಹುಡುಗಿ ನಡೀಬೇಕಾ, ಓಡಬೇಕಾ, ಕಣ್ಣೀರು ಇಳೀಬೇಕಾ, ಉದುರಬೇಕಾ, ಎಲ್ಲ ಆಪರೇಟರ್ ಕೈಲಿ. ಕೆಳಗೆ ಆರ್ಗನ್ನಿನೋರು ಸ್ಕ್ರೀನು ನೋಡ್ಕೊಂಡು ಅದಕ್ಕೆ ತಕ್ಕಂತೆ ನುಡಿಸ್ತಾರೆ. ಜನಕ್ಕೆ ಕಾಣೋ ಮೇಷ್ಟ್ರು ಕೆಳಗೆ, ನಿಜವಾದ ತಾಳ ಮೇಲ್ಗಡೆ.

ಹದಿನೈದು ದಿನದ ಕೆಳಗೆ ಮೊದಲನೇ ಶೋ. ಹಾಲು ತುಂಬಿದೆ. ಬಾಗಿಲಲ್ಲಿ ಎಲ್ಲರ ಕೈಗೂ ಒಂದು ಕಾಗದ ಕೊಡ್ತಾರೆ: ವೆಂಡೆಲ್ ಹೆಸರು ದಪ್ಪಕ್ಷರದಲ್ಲಿ, ಕೆಳಗೆ ದಾನ ಕೊಟ್ಟೋರ ಹೆಸರು, ಹೂ ಕೊಟ್ಟೋರ ಹೆಸರು, ಪಾಪ್‌ಕಾರ್ನ್ ಮಷಿನ್ ರಿಪೇರಿ ಮಾಡಿದೋರ ಹೆಸರು. ಫಿಲ್ಮು ರಿಪೇರಿ ಮಾಡಿದೋರ ಹೆಸರಿಲ್ಲ. ಬೇಕಂತ ಬಿಟ್ಟಿದ್ದಲ್ಲ, ಯಾರಿಗೂ ಹೊಳೆದಿಲ್ಲ, ಅಷ್ಟೆ. ಕಮರುದ್ದೀನ್ ಅದನ್ನ ಎರಡು ಕಡೆ ತಿರುಗಿಸಿ ನೋಡಿ ಜೇಬಿಗಿಟ್ಟುಕೊಳ್ತಾರೆ. ಅಷ್ಟಕ್ಕೇ ಬಿಟ್ಟಿದ್ರೆ ಏನೂ ಆಗ್ತಿರ್ಲಿಲ್ಲವೇನೋ. ಆದರೆ ಶೋಗೆ ಮುಂಚೆ ವೆಂಡೆಲ್ ಮೈಕ್ ಹಿಡಿದು ನಾಲ್ಕು ಮಾತಾಡ್ತಾರೆ. ಕೊನೇ ಮಾತು ಇದು: ‘ಎಪ್ಪತ್ತು ವರ್ಷ ಕತ್ತಲಲ್ಲಿದ್ದ ಈ ಹುಡುಗಿ ಇವತ್ತು ನನ್ನ ಹತ್ತು ಬೆರಳಲ್ಲಿ ಜೀವ ತಳೀತಾಳೆ.’

‘ನನ್ನ ಬೆರಳು ನೋಡ್ಕೊಂಡೆ ಸಾರ್,’ ಅಂತಾರೆ ಕಮರುದ್ದೀನ್. ‘ಅವೂ ಹತ್ತೇ ಇದ್ವು. ಟೇಪಿನ ಅಂಟು ಇನ್ನೂ ಹೋಗಿರ್ಲಿಲ್ಲ.’

ಮೊದಲ ಎರಡು ರೀಲು ಸರಿಯಾಗೇ ಓಡುತ್ತೆ, ಇಪ್ಪತ್ತಕ್ಕೆ. ಮೂರನೇ ರೀಲಿನ ಕುಣಿತಕ್ಕೆ ವೆಂಡೆಲ್ ಒಂದು ಸೊಗಸಾದ ತಿರುವು ಕೊಡ್ತಾರೆ, ಪಿಕ್ಚರಿನ ಮಧ್ಯದಲ್ಲೇ ಚಪ್ಪಾಳೆ ಬೀಳುತ್ತೆ. ಆಗ ಮೇಲಿನ ಕ್ಯಾಬಿನ್ನಿನಲ್ಲಿ ಒಂದು ಕೈ ತಿರುಪಿನ ಮೇಲೆ ಹೋಗುತ್ತೆ. ಇಪ್ಪತ್ತೆರಡು. ಕೆಳಗೆ ವೆಂಡೆಲ್ ಹಿಂದೆ ಬೀಳ್ತಾರೆ, ಓಡಿ ಹಿಡೀತಾರೆ. ಇಪ್ಪತ್ನಾಲ್ಕು. ಕಪ್ಪು ಕೋಟಿನ ಬೆನ್ನು ಹಾರ್ತಿದೆ. ಇಪ್ಪತ್ತಾರು. ಬುಧವಾರದ ಮದುವೆ ಮಂಗಳವಾರವೇ ಆದಂಗಾಯ್ತು! ಸುಂಟರಗಾಳಿ ಪ್ರೇಮ ಅಂತಾರಲ್ಲ, ಇದು ಬರೀ ಸುಂಟರಗಾಳಿ. ಪಾದ್ರಿ ಬಾಯಿ ಗುಬ್ಬಚ್ಚಿ ತರ ಪಟಪಟ ಅನ್ನುತ್ತೆ. ಮುತ್ತು ಕೊಟ್ಟಿದ್ದು ಕುಟುಕಿದಂಗೆ ಕಾಣುತ್ತೆ. ವೆಂಡೆಲ್ ಕೈ ಕಾಲು ಎರಡೂ ಆರ್ಗನ್ನಿನ ಮೇಲೆ ಕುಣೀತಾ, ಬೆವರು ಒರೆಸ್ಕೊಳ್ಳೋಕೂ ಬಿಡುವಿಲ್ಲದೆ ಒದ್ದಾಡ್ತಿದಾರೆ. ಕಿಟಕಿಯಿಂದ ನೋಡ್ತಾ ಕಮರುದ್ದೀನ್‌ಗೆ ಹೊಟ್ಟೆ ಒಳಗೆ ಐಸ್ ಇಟ್ಟಷ್ಟು ತಂಪು.

ಜನ ನಗೋಕೆ ಶುರು ಮಾಡ್ತಾರೆ. ಮೊದಲು ಒಬ್ಬರು, ಆಮೇಲೆ ಒಂದು ಸಾಲು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಕಮರುದ್ದೀನ್ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಕೆಂಪರಾಜು. ಮಂಡ್ಯದ ಕಡೆಯೋರು, ಮೆನ್ಲೋ ಪಾರ್ಕಲ್ಲಿ ಇಂಟರ್‌ನೆಟ್ಟಲ್ಲಿ ಕಿಟಕಿ ಪರದೆ ಮಾರೋ ಕಂಪನಿಯಲ್ಲಿ ಟೆಸ್ಟಿಂಗು. ‘ನಮ್ದೂ ಪರದೆ, ನಿಮ್ದೂ ಪರದೆ ಸಾಹೇಬ್ರೆ’ ಅಂತ ಯಾವಾಗಲೂ ಕಾಲೆಳೆಯೋರು. ಅವರು ಶೋ ಮುಗಿದ ಮೇಲೆ ಮೆಟ್ಟಿಲು ಹತ್ತಿ ಬಂದು ಬೆನ್ನು ತಟ್ತಾರೆ: ‘ಏನ್ ಕಾಮಿಡಿ ಸಾಹೇಬ್ರೆ! ಆ ಹುಡ್ಗಿ ಹಡಗಿನ ಹಿಂದೆ ಓಡದು ಐತಲ್ಲ, ಥೇಟ್ ನಮ್ಮೂರ್ ಕೋಳಿ ಕಣ್ರೀ. ನಕ್ಕೂ ನಕ್ಕೂ ಹೊಟ್ಟೆ ನೋವು ಬಂತು!’

ಅಷ್ಟು ಹೊತ್ತಿಗೆ ಕಮರುದ್ದೀನ್ ಹೊಟ್ಟೆಯ ಐಸು ಕರಗಿಹೋಗಿದೆ. ಎರಡು ದಿನ ಬಿಟ್ಟು ಕಮಿಟಿಯವರ ಮಾತು ಕಿವಿಗೆ ಬೀಳುತ್ತೆ: ಜನ ಅಳಬೇಕಾದಲ್ಲೆಲ್ಲ ನಗ್ತಾರೆ, ಇದಕ್ಕೆ ಹೊಸ ಕಾಪಿ ಯಾಕೆ? ಇನ್ನೊಂದು ಸಲ ತೋರಿಸಿ ನೋಡೋಣ, ಆಗಲೂ ನಕ್ಕರೆ ಡಬ್ಬಿಗೆ ಹಾಕಿಬಿಡೋಣ.

ಆ ಶೋಗೆ ಜಹೀದಾ ಕೂಡ ಹೋಗಿದ್ರು. ಸವತಿ ಮುಖ ಒಂದ್ಸಲ ನೋಡಬೇಕಿತ್ತಲ್ಲ. ಆರನೇ ಸಾಲಲ್ಲಿ ಕೂತು ಅವರೂ ನಕ್ಕಿದ್ರು. ‘ಸುಳ್ಳ ಯಾಕ ಹೇಳ್ಲಿ, ಆಕಿ ಓಡೂದು ನೋಡಿ ನನಗ ಭಾಳ ಖುಷಿ ಆತು,’ ಅಂತಾರೆ. ‘ಆದ್ರ ಮನಿಗೆ ಬಂದ ಮ್ಯಾಲೆ ಇವರು ಊಟಕ್ಕ ಕುಂದ್ರಲಿಲ್ಲ. ಹದಿನಾಕು ತಿಂಗಳ ಮಗ್ಗಲದಾಗ ಹುಳಿ ವಾಸನಿ ತಡಕೊಂಡಾಕಿಗೆ ಅಷ್ಟೂ ತಿಳಿಯಂಗಿಲ್ಲೇನು? ಏನರ ಮಾಡಿದ್ರೇನು ಅಂತ ಕೇಳಿದೆ. ಹೇಳಿದ್ರು.’

ಹೇಳಿದ ಮೇಲೆ ಅಡುಗೆಮನೆಯಲ್ಲಿ ಏನಾಯ್ತು ಅನ್ನೋದನ್ನ ಇಬ್ಬರೂ ಒಂದೇ ತರ ನೆನಪಿಟ್ಟಿದಾರೆ. ಜಹೀದಾ ಸೌಟು ಕೆಳಗಿಟ್ಟು ಅಂದಿದ್ದು ಇಷ್ಟು: ‘ನಾ ಹೊಟ್ಟಿಕಿಚ್ಚಿನಾಕಿ, ಖರೆ. ಆಕೀನ್ನ ದಿನಾ ಬೈದೇನಿ, ಅದೂ ಖರೆ. ಆದ್ರ ಬೈದದ್ದು ನನ್ನ ಅಡಗಿಮನ್ಯಾಗ. ನೀವು ನೂರು ಮಂದ್ಯಾಗ ಆಕಿ ಮಾನ ತಗದ್ರಿ. ಅದೂ ಗಂಡ ಬಿಟ್ಟು ಹೊಂಟಾಗ, ಅಳಕೋತ ಓಡಾಕ್ಹತ್ತಿದ್ದಾಕೀದು!’

ಆ ಶೋ ಆಗಿ ಬಂದ ಬುಧವಾರ ಬೆಳಗ್ಗೆ ಐದಕ್ಕೆ ಕಮರುದ್ದೀನ್ ಕ್ಯಾಬಿನ್ನಿಗೆ ಬಂದರೆ ಕತ್ತಲ ಹಾಲಲ್ಲಿ ಆರ್ಗನ್ನಿನ ಮುಂದೆ ವೆಂಡೆಲ್ ಕೂತಿದಾರೆ. ನುಡಿಸ್ತಿಲ್ಲ, ಸುಮ್ನೆ ಕೂತಿದಾರೆ. ಇಬ್ಬರ ಮಾತೂ ಇಂಗ್ಲಿಷಲ್ಲಿ, ಸಾರ ಇದು.

‘ಕಮರ್, ಇಪ್ಪತ್ತಕ್ಕೆ ಓಡಿದ್ರೆ ಈ ಪಿಕ್ಚರು ಎಂಬತ್ಮೂರು ನಿಮಿಷ. ಅವತ್ತು ಎಪ್ಪತ್ತೆರಡಕ್ಕೆ ಮುಗೀತು. ಹನ್ನೊಂದು ನಿಮಿಷ ಎಲ್ಲಿ ಹೋಯ್ತು?’

‘ನನ್ನ ಹೊಟ್ಟೆಗೆ ಹೋಯ್ತು.’

ವೆಂಡೆಲ್ ನಗಲ್ಲ. ‘ಕಮಿಟಿಗೆ ಯಾಕೆ ಹೇಳಲಿಲ್ಲ?’

‘ನೀವ್ಯಾಕೆ ಹೇಳಲಿಲ್ಲ?’

ವೆಂಡೆಲ್ ಒಪ್ಪಿಕೊಳ್ತಾರೆ. ಎಂಥ ಸ್ಪೀಡು ಬಂದ್ರೂ ನಾನು ಹಿಡೀತೀನಿ ಅಂತ ನಲವತ್ತು ವರ್ಷದಿಂದ ಹೇಳ್ಕೊಂಡು ಬಂದಿದಾರೆ. ಪಿಕ್ಚರು ನನ್ನ ಕೈ ತಪ್ಪಿ ಓಡಿಹೋಯ್ತು ಅಂತ ಯಾವ ಬಾಯಲ್ಲಿ ಹೇಳೋದು? ಅದಕ್ಕಿಂತ ದೊಡ್ಡ ಉರಿ ಇನ್ನೊಂದಿದೆ. ಸ್ಕ್ರೀನಿನ ಬುಡದಲ್ಲಿ ಮೂಲೇಲಿ ಕೂತೋರಿಗೆ ಯಾವ ಮುಖವೂ ಸರಿಯಾಗಿ ಕಾಣಲ್ಲ. ಗಲ್ಲ ಅಷ್ಟಗಲ, ಹಣೆ ಇಷ್ಟೇ. ‘ಆ ಹುಡುಗೀನ ನಾನು ಸೋರೇಕಾಯಿ ತರ ನೋಡಿದೀನಿ. ನೀನು ಹದಿನಾಲ್ಕು ತಿಂಗಳು ನೆಟ್ಟಗೆ ನೋಡಿದೀಯ. ನಿನಗೆ ಇನ್ನೂ ಏನು ಬೇಕಾಗಿತ್ತು?’

ಕಮರುದ್ದೀನ್ ಅವರನ್ನ ಮೇಲಕ್ಕೆ ಕರ್ಕೊಂಡು ಹೋಗ್ತಾರೆ. ಆರನೇ ರೀಲಿನಿಂದ ಒಂದು ಗೇಣು ಬಿಚ್ಚಿ ಬಲ್ಬಿಗೆ ಹಿಡೀತಾರೆ, ಭೂತಗನ್ನಡಿ ಕೊಡ್ತಾರೆ. ಎಪ್ಪತ್ತೊಂದು ವರ್ಷದ ಮನುಷ್ಯ ಬಗ್ಗಿ ನೋಡ್ತಾರೆ. ಒಂದು ಚಿತ್ರ, ಇನ್ನೊಂದು ಚಿತ್ರ, ಮತ್ತೊಂದು. ಬೆನ್ನು ನೋವು ಬರೋ ತನಕ ತಲೆ ಎತ್ತಲ್ಲ. ಎತ್ತಿದಾಗ, ‘ಇವಳು ಅವನ ಹೆಸರು ಕೂಗ್ತಿಲ್ಲ. ಅವಳ ಬಾಯಿ ನೋಡು. ಅಪ್ಪ, ಅಪ್ಪ ಅಂತಿದಾಳೆ. ಚುಂಗಾಣಿ ಅಪ್ಪಂದು ಅಂತ ಹೇಳ್ತಿದಾಳೆ,’ ಅಂತಾರೆ.

‘ಅದಕ್ಕೇ ಸಾಹೇಬ್ರೆ, ನಿಧಾನ ಓಡಬೇಕು. ಹದಿನೆಂಟಕ್ಕೆ ಓಡಿಸಿದ್ರೆ ತುಟಿ ಓದಬಹುದು.’

ಅಲ್ಲಿಂದ ಹತ್ತು ಬೆಳಗು ಇಬ್ಬರೂ ಸೇರಿ ಕೂತಿದಾರೆ, ಫಿಲ್ಮು ಓಡಿಸದೆ, ಭೂತಗನ್ನಡಿಯಲ್ಲೇ ನೋಡ್ಕೊಂಡು. ಸ್ನೇಹ ಅಂತ ಹೇಳೋಕೆ ಬರಲ್ಲ. ಒಂದೊಂದು ರೀಲಿಗೂ ಜಗಳ ಆಗಿದೆ. ಯಾವ ರೀಲು ಯಾವ ಸ್ಪೀಡು ಅಂತ ವೆಂಡೆಲ್ ಇಂಗ್ಲಿಷಲ್ಲಿ ಬರೆದರೆ, ಕಮರುದ್ದೀನ್ ಕ್ಯಾಬಿನ್ ಗೋಡೆ ಮೇಲೆ ಸೀಸದಕಡ್ಡಿಯಲ್ಲಿ ಕನ್ನಡದಲ್ಲಿ ಬರೀತಾರೆ: ‘ಕುಣಿತ – ೨೨. ಮದುವೆ – ೨೦, ಆತುರ ಬೇಡ. ಚುಂಗಾಣಿ ಕಂಡ ಕೂಡ್ಲೆ – ೧೮.’ ಕೊನೇ ದಿನ ವೆಂಡೆಲ್ ಒಂದು ಮಾತು ಎಸೆದು ಹೋಗ್ತಾರೆ. ‘ಕಟ್ಟೆ ಮೇಲೆ ಅವಳು ಓಡುವಾಗ ನಾನು ನುಡಿಸಲ್ಲ. ಒಂದೂವರೆ ನಿಮಿಷ ಕೈ ತೆಗೆದು ತೊಡೆ ಮೇಲಿಟ್ಟುಕೊಳ್ತೀನಿ. ಅಷ್ಟು ಹೊಟ್ಟೆಕಿಚ್ಚಲ್ಲವಾ ನಿನಗೆ? ತಗೋ, ಹಾಲಲ್ಲಿ ನಿನ್ನ ಮಷಿನ್ ಬಿಟ್ರೆ ಬೇರೆ ಸದ್ದಿರಲ್ಲ. ಜನ ನಕ್ಕರೆ ನಿನ್ನನ್ನ ನೋಡೇ ನಗ್ತಾರೆ.’

ಅದು ಉಡುಗೊರೆನೋ ಸೇಡೋ ಇವತ್ತು ಬೆಳಗಿನ ತನಕ ಕಮರುದ್ದೀನ್‌ಗೆ ಗೊತ್ತಾಗಿಲ್ಲ. ಒಂಬತ್ತೂಮುಕ್ಕಾಲಿಗೆ ಗ್ಲೌಸು ಬಿಚ್ತಾರೆ, ಮತ್ತೆ ಹಾಕ್ಕೊಳ್ತಾರೆ. ‘ಮೂವತ್ತೆಂಟು ವರ್ಷ ಸಂಗೀತದ ಹಿಂದೆ ಅಡಗಿಕೊಂಡಿದ್ದೋನು ಸಾರ್ ನಾನು. ಆರನೇ ರೀಲಲ್ಲಿ ಟೇಪು ಹಾಕಿದ ಜಾಗ ಮುನ್ನೂರ ಹತ್ತಿದೆ. ಒಂದು ಬಿಟ್ಕೊಂಡ್ರೆ ಮುಗೀತು.’

ಹತ್ತಕ್ಕೆ ಲೈಟು ಆರುತ್ತೆ. ಹಾಲು ಮುಕ್ಕಾಲು ತುಂಬಿದೆ. ಕಮಿಟಿಯ ನಾಲ್ವರು ಮಧ್ಯದ ಸಾಲಲ್ಲಿ, ಹಲ್ಲಿನ ಡಾಕ್ಟರು ತುದಿಗೆ. ಆರನೇ ಸಾಲಲ್ಲಿ ಜಹೀದಾ, ಮಗಳು ಲೈಬಾ, ಪಕ್ಕದಲ್ಲಿ ಕೆಂಪರಾಜು. ‘ನಕ್ಕೀರಿ ಮತ್ತ, ಜ್ವಾಕಿ!’ ಅಂತ ಜಹೀದಾ ಅವರಿಗೆ ಮೊದಲೇ ವಾರ್ನಿಂಗು ಕೊಟ್ಟಿದಾರೆ. ‘ಇದೇನಕ್ಕಾ, ನಗು ಬಂದ್ರೆ?’ ‘ನುಂಗ್ರಿ.’

ಐದು ರೀಲು ಗೋಡೆಯ ಲೆಕ್ಕದಂತೆ ಓಡುತ್ತೆ. ಕುಣಿತಕ್ಕೆ ಜನ ನಗ್ತಾರೆ, ಅಲ್ಲಿ ನಗಬೇಕಾದ್ದೇ. ಚುಂಗಾಣಿ ಕಂಡ ಕೂಡ್ಲೆ ಕಮರುದ್ದೀನ್ ತಿರುಪಿನ ಮೇಲೆ ಎರಡು ಬೆರಳಿಡ್ತಾರೆ, ಹಾಲು ಉಕ್ಕೋ ಮುಂಚೆ ಉರಿ ತಗ್ಗಿಸ್ತಾರಲ್ಲ, ಹಾಗೆ. ಹಡಗು ಕಟ್ಟೆ ಬಿಡುತ್ತೆ. ಹುಡುಗಿ ಓಡೋಕೆ ಶುರು ಮಾಡ್ತಾಳೆ. ಕೆಳಗೆ ವೆಂಡೆಲ್ ಎರಡೂ ಕೈ ಎತ್ತಿ ತೊಡೆ ಮೇಲಿಟ್ಟುಕೊಳ್ತಾರೆ.

ಹಾಲಲ್ಲಿ ಉಳಿದಿದ್ದು ಗೋಡೆ ಆಚೆಯಿಂದ ಬರೋ ಟರ್ರ್ ಅನ್ನೋ ಒಂದೇ ಸದ್ದು. ಯಾರೋ ಕೆಮ್ಮೋಕೆ ಹೋಗಿ ತಡೆದುಕೊಳ್ತಾರೆ. ಕಟ್ಟೆ ಉದ್ದ ಇದೆ, ಹುಡುಗಿಯ ಶಾಲು ಜಾರುತ್ತೆ, ಅವಳು ಅದನ್ನ ಎತ್ತಿಕೊಳ್ಳಲ್ಲ. ಬಾಯಿ ತೆರೆಯುತ್ತೆ, ಮುಚ್ಚುತ್ತೆ, ತೆರೆಯುತ್ತೆ. ಕಮರುದ್ದೀನ್ ಸ್ಕ್ರೀನು ನೋಡ್ತಿಲ್ಲ. ಅವರ ಕಣ್ಣೆಲ್ಲ ಮಷಿನ್ನಿನ ಹಲ್ಲಿನ ಮೇಲೆ. ಕಟ್ಟಿದ ತೂತುಗಳು ಒಂದೊಂದೇ ಬಂದು, ಕೂತು, ದಾಟಿ ಹೋಗ್ತಿವೆ. ತುಟಿ ಅಲ್ಲಾಡ್ತಿದೆ, ಎಣಿಸ್ತಿದಾರೋ ಪ್ರಾರ್ಥನೆ ಮಾಡ್ತಿದಾರೋ ಹೇಳೋದು ಕಷ್ಟ. ಕಟ್ಟೆ ಮುಗಿಯುತ್ತೆ. ಹುಡುಗಿ ನಿಲ್ತಾಳೆ. ಒಂದೂವರೆ ನಿಮಿಷ ಆದ ಮೇಲೆ ಆರ್ಗನ್ನಿನ ಒಂದೇ ಒಂದು ಸ್ವರ ಕೆಳಗಿನಿಂದ ಮೆಲ್ಲಗೆ ಎದ್ದು ಬರುತ್ತೆ.

ಕೊನೆಗೆ ಚಪ್ಪಾಳೆ ಬೀಳೋದು ವೆಂಡೆಲ್‌ಗೇ. ಜನ ಎದ್ದು ನಿಲ್ತಾರೆ, ಅವರು ಬಾಗ್ತಾರೆ. ‘ಮೂರು ಸಲ,’ ಅಂತ ಕಿಟಕಿಯಲ್ಲಿ ನೋಡ್ತಾ ಕಮರುದ್ದೀನ್ ಹಲ್ಲು ಕಡೀತಾರೆ. ‘ಇವತ್ತೂ ಮೂರು ಸಲ. ಉರಿಯುತ್ತೆ ಸಾರ್, ಯಾಕ್ ಸುಳ್ಳು ಹೇಳ್ಲಿ.’

ಜಹೀದಾ ಮೆಟ್ಟಿಲು ಹತ್ತಿ ಬರ್ತಾರೆ, ಕಣ್ಣು ಕೆಂಪಗಾಗಿದೆ. ‘ನಮ್ಮಪ್ಪಂದು ಅಂತ ಮೊದಲ ಹೇಳಬೇಕಿತ್ತು ಆ ಹುಚ್ಚಿ!’

‘ಮೂಕಿ ಪಿಕ್ಚರ್ ಕಣೆ, ಹೆಂಗ್ ಹೇಳ್ತಾಳೆ?’

‘ಆತು ಬಿಡ್ರಿ. ಆ ಹಡಗಿನಾಂವಂದೇ ತಪ್ಪು. ಗಂಡಸ್ರ ಹೊಟ್ಟಿಕಿಚ್ಚು ಯಾವಾಗ್ಲೂ ಹಿಂಗ, ಮೊದಲ ಉರೀತೈತಿ, ಆಮ್ಯಾಲೆ ವಿಚಾರ ಮಾಡ್ತೈತಿ.’ ಇದು ಯಾರಿಗೆ ಹೇಳಿದ್ದು ಅಂತ ಕಮರುದ್ದೀನ್ ಕೇಳೋಕೆ ಹೋಗಲ್ಲ. ಹಿಂದೆ ಬಂದ ಕೆಂಪರಾಜು ಮೂಗು ಒರೆಸ್ಕೊಂಡು, ‘ಎಲ್ಲೋ ಧೂಳು ಸಾಹೇಬ್ರೆ, ಅಲರ್ಜಿ,’ ಅಂತಾರೆ.

ಅರ್ಧ ಗಂಟೆ ಬಿಟ್ಟು ಹಲ್ಲಿನ ಡಾಕ್ಟರು ಮೇಲೆ ಬರ್ತಾರೆ. ಹೊಸ ಕಾಪಿ ತೆಗೆಸೋದು ಅಂತ ಆಯ್ತಂತೆ. ಮುಂದಿನ ತಿಂಗಳು ಡಬ್ಬಿಗಳು ಲ್ಯಾಬಿಗೆ ಹೋಗ್ತವೆ. ಆಮೇಲೆ ಹೊಸ ಕಾಪಿ ಊರೂರು ಸುತ್ತುತ್ತೆ, ಯಾವ ಟಾಕೀಸು ಬೇಕಾದ್ರೂ ತರಿಸ್ಕೋಬಹುದು. ಮುಂದಿನ ಸಲ ಕಾಗದದಲ್ಲಿ ನಿಮ್ಮ ಹೆಸರು ಖಂಡಿತ ಹಾಕಿಸ್ತೀವಿ, ಸ್ಪೆಲ್ಲಿಂಗು ಬರೆದುಕೊಡಿ ಅಂತಾರೆ. ಕಮರುದ್ದೀನ್ ಥ್ಯಾಂಕ್ಸ್ ಹೇಳಿ ಅವರನ್ನ ಕಳಿಸಿ, ಆರನೇ ರೀಲನ್ನ ಕೈಯಲ್ಲೇ ಸುತ್ತೋಕೆ ಕೂತ್ಕೊಳ್ತಾರೆ. ಗೆದ್ದವರ ಮುಖದಲ್ಲಿರಬೇಕಾದ ಕಳೆ ಅಲ್ಲಿಲ್ಲ.

‘ಇನ್ಮೇಲೆ ಯಾವನ್ ಬೇಕಾದ್ರೂ ಓಡಿಸ್ಬಹುದಲ್ಲ ಸಾರ್ ಅವಳನ್ನ,’ ಅಂತಾರೆ ಸ್ವಲ್ಪ ಹೊತ್ತಾದ ಮೇಲೆ. ‘ಯಾವ್ ಊರೋ, ಯಾವ್ ಕೈಯೋ. ಅವನ ಮನೇಲಿ ಅವತ್ತು ಏನ್ ಜ‌ಗಳ ಆಗಿರುತ್ತೋ.’

ಹೆಸರು ಹಾಕಿಸ್ತಾರಂತಲ್ಲ, ಅಂತ ನಾನಂದ್ರೆ ಕೈ ಅಲ್ಲಾಡಿಸ್ತಾರೆ.

‘ಹೆಸರು ಕಟ್ಕೊಂಡು ಏನ್ ಮಾಡ್ಲಿ? ಹೊಸ ಕಾಪಿ ಜೊತೆ ಆರನೇ ಡಬ್ಬಿ ಒಳಗೆ ಒಂದು ಚೀಟಿ ಇಡೋಕೆ ಬಿಟ್ರೆ ಸಾಕು. ಲೈಬಾ ಕೈಲಿ ಒಳ್ಳೆ ಇಂಗ್ಲಿಷಲ್ಲಿ ಬರೆಸ್ತೀನಿ. ಎರಡೇ ಸಾಲು ಸಾರ್. ಈ ರೀಲು ಹದಿನೆಂಟಕ್ಕೆ ಓಡಿಸಿ. ಅವಳು ಓಡ್ತಿದಾಳೆ, ನೀವು ಓಡಬೇಡಿ.’